ಡಿಜೆಗೆ ಬೆಚ್ಚದ ಕೂಸು

ನಮ್ಮ ಸಂಪಗಾಂವದ ಓಣಿಗೆ ಡಿಜೆ ಬರುತ್ತಿದೆ ಎಂದು ಮೊದಲು ತಿಳಿಯುವುದು ನನ್ನ ಅಡುಗೆ ಮನೆಯ ತಾಟುಗಳಿಗೆ. ಹಾಡು ಇನ್ನೂ ಊರ ಅಗಸಿ ಬಾಗಿಲ ಹತ್ತಿರ ಇರುವಾಗಲೇ ಗೋಡೆಯ ಮಾಡದಲ್ಲಿಟ್ಟ ಸ್ಟೀಲಿನ ತಾಟುಗಳು ಹಲ್ಲು ಕಡಿಯಲು ಶುರು ಮಾಡುತ್ತವೆ. ಆಮೇಲೆ ಕಿಟಕಿಯ ಗಾಜು, ಆಮೇಲೆ ನನ್ನ ಎದೆ. ಹಾಡು ಯಾವುದೆಂದು ತಿಳಿಯುವುದು ಎಲ್ಲಕ್ಕಿಂತ ಕೊನೆಗೆ. ತಿಳಿದು ಮಾಡುವುದಾದರೂ ಏನು, ಎಲ್ಲವೂ ಒಂದೇ ಹಾಡು.

ಅದನ್ನು ಜಾನಪದ ಎನ್ನುತ್ತಾರೆ. ಬೀಸುವಾಗ, ಕಳೆ ತೆಗೆಯುವಾಗ, ತೊಟ್ಟಿಲು ತೂಗುವಾಗ ಹಾಡಿದವಳು ನಾನು, ಜಾನಪದ ನನಗೂ ಅಷ್ಟಿಷ್ಟು ಗೊತ್ತು. ಈ ಹೊಸ ಜಾನಪದದಲ್ಲಿ ಬೀಸುವುದೂ ಇಲ್ಲ, ತೂಗುವುದೂ ಇಲ್ಲ. ಒಬ್ಬ ಹುಡುಗ ಇರುತ್ತಾನೆ. ಅವನನ್ನು ಒಬ್ಬ ಹುಡುಗಿ ಬಿಟ್ಟು ಹೋಗಿ ಸೋದರಮಾವನನ್ನು ಲಗ್ನವಾಗಿರುತ್ತಾಳೆ. ಇವನು ಟ್ರ್ಯಾಕ್ಟರಿನ ಮೇಲೆ ಕುಳಿತು ಅಳುತ್ತಾನೆ. ಅಷ್ಟೇ ಕಥೆ. ಆ ಅಳುವಿಗೆ ಹಲಗೆಯ ಹೊಡೆತ ಸೇರಿಸಿ, ಮನೆಯಷ್ಟು ಎತ್ತರದ ಪೆಟ್ಟಿಗೆಗಳಲ್ಲಿ ಹಾಕಿ ಬಿಟ್ಟರೆ ಐವತ್ತು ಹುಡುಗರು ಅಂಗಿಯ ಗುಂಡಿ ಬಿಚ್ಚಿ ಕುಣಿಯುತ್ತಾರೆ. ಒಬ್ಬನ ದುಃಖಕ್ಕೆ ಇಷ್ಟು ಜನ ಖುಷಿ ಪಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಿಟ್ಟು ಹೋದ ಹುಡುಗಿಯ ಮೇಲೂ ನನಗೆ ಸಿಟ್ಟು ಬರುವುದಿಲ್ಲ. ಹಾಗೆ ಒದರುವವನ ಜೊತೆ ಯಾರು ಬಾಳ್ವೆ ಮಾಡುತ್ತಾರೆ?

ಇದನ್ನು ಬರೆಯುತ್ತಿರುವ ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ದೊಡ್ಡದಾಗಿ ಬರೆಯುತ್ತೇನೆ, ಹೀಗಾಗಿ ನೋಟ್‌ಬುಕ್ಕು ಬೇಗ ತುಂಬುತ್ತದೆ. ಆದರೆ ಕಿವಿಗೆ ಇಯತ್ತೆ ಬೇಕಿಲ್ಲ ನೋಡಿ. ನನಗೆ ಹಿಡಿಸದ ಸಂಗೀತ ಡಿಜೆ ಒಂದೇ ಅಲ್ಲ. ನನ್ನ ಮದುವೆಗೆ ಬೈಲಹೊಂಗಲದಿಂದ ಬ್ಯಾಂಡ್ ಪಾರ್ಟಿ ತರಿಸಿದ್ದರು. ಎಲ್ಲರಿಗೂ ಕೆಂಪು ಕೋಟು, ಹೆಗಲ ಮೇಲೆ ಜರಿಯ ಗೊಂಡೆ. ಪೀಪಿ ಊದುವವನ ಕೆನ್ನೆ ಬದನೆಕಾಯಿಯ ಹಾಗೆ ಉಬ್ಬಿದ್ದನ್ನು ಕಂಡು ಅಕ್ಷತೆಯ ಹೊತ್ತಿನಲ್ಲಿ ನನಗೆ ನಗು ಉಕ್ಕಿ, ಸೆರಗನ್ನು ಬಾಯಿಗೆ ಹಿಡಿದೆ. ತವರು ಬಿಡುವ ಹುಡುಗಿ ಅಳುತ್ತಿದ್ದಾಳೆ ಎಂದು ನೆರೆದವರೆಲ್ಲ ಮೆಚ್ಚಿಕೊಂಡರು. ಸವದತ್ತಿ ಗುಡ್ಡಕ್ಕೆ ಹೋಗುವ ಟೆಂಪೋಗಳಲ್ಲಿ ಈಗ ದೇವರ ಹಾಡನ್ನೂ ಬಡಿದು ಬಡಿದು ಹಾಕುತ್ತಾರೆ. ತಾಯಿಯನ್ನು ಕರೆಯುತ್ತಿದ್ದಾರೋ ಬೆನ್ನಟ್ಟುತ್ತಿದ್ದಾರೋ ತಿಳಿಯುವುದಿಲ್ಲ. ಇನ್ನು ಟಿವಿಯ ಹಾಡಿನ ಸ್ಪರ್ಧೆ. ಹಾಡುವುದು ಎರಡು ನಿಮಿಷ, ಅಳುವುದು ಹತ್ತು ನಿಮಿಷ. ಹುಡುಗ ಹಾಡುತ್ತಾನೆ, ಅವನ ತಾಯಿ ಅಳುತ್ತಾಳೆ, ತೀರ್ಪು ಕೊಡುವವರು ಎದ್ದು ನಿಂತು ಅಳುತ್ತಾರೆ, ನಡುವೆ ಸಾಬೂನಿನ ಜಾಹೀರಾತು ಬರುತ್ತದೆ.

ಸಂಗೀತ ಎಂದರೆ ನಮ್ಮ ಮಹಿಳಾ ಭಜನಾ ಮಂಡಳಿಯದು. ಸೋಮವಾರ ಸಂಜೆ ಮಠದಲ್ಲಿ ಒಂಬತ್ತು ಜನ ಸೇರುತ್ತೇವೆ. ಮೊದಲ ಸೊಲ್ಲು ಎತ್ತುವುದು ನಾನೇ. ನನ್ನ ಕಂಠದ ಬಗ್ಗೆ ನಲವತ್ತು ವರ್ಷದಲ್ಲಿ ಒಬ್ಬರೂ ಕೆಟ್ಟ ಮಾತು ಆಡಿಲ್ಲ. ಒಳ್ಳೆಯ ಮಾತನ್ನೂ ಆಡಿಲ್ಲ ಎಂಬುದು ನನಗೆ ಹೊಳೆದದ್ದು ಹೋದ ವರ್ಷ. ಮನೆಯಲ್ಲಿ ನಾನು ಹಾಡು ತೆಗೆದರೆ ನಮ್ಮ ಯಜಮಾನರು ಟವೆಲನ್ನು ಹೆಗಲಿಗೆ ಹಾಕಿಕೊಂಡು, "ಎಮ್ಮಿಗೆ ನೀರ ಇಟ್ಟ ಬರತೇನಿ" ಎಂದು ಹಿತ್ತಲಿಗೆ ನಡೆಯುತ್ತಿದ್ದರು. ಅಷ್ಟು ನೀರು ಕುಡಿಯುವ ಎಮ್ಮೆ ಸುತ್ತ ನಾಲ್ಕು ಹಳ್ಳಿಯಲ್ಲಿ ಇರಲಿಲ್ಲ. ಪಾಪ, ಮೂಕ ಪ್ರಾಣಿಯ ಮೇಲೆ ಎಷ್ಟು ಪ್ರೀತಿ ಇವರಿಗೆ ಎಂದುಕೊಂಡಿದ್ದೆ.

ಇಂಥ ನನಗೆ ಮೊಮ್ಮಗಳು ಹುಟ್ಟಿದಳು. ಅಯ್ಯೋ, ಹೇಗೆ ಹೇಳಲಿ! ಮಗಳ ಚೊಚ್ಚಲ ಹೆರಿಗೆ, ನಮ್ಮ ಮನೆಯಲ್ಲೇ ಬಾಣಂತನ. ಹೆಸರು ಬರೆಯುವುದಿಲ್ಲ, ದೃಷ್ಟಿಯಾಗುತ್ತದೆ. ಬಣ್ಣ ಹದವಾಗಿ ಕಾಸಿದ ತುಪ್ಪದ್ದು. ಬೆರಳು ಎಳೆ ಬೆಂಡೆಕಾಯಿ. ಮೂಗು ನನ್ನದು. ಅದು ತಮ್ಮ ಮೂಗು ಎಂದು ಬೀಗಿತ್ತಿ ಹೇಳುತ್ತಾರೆ. ಅವರ ಮೂಗನ್ನು ನೀವು ನೋಡಿದರೆ ನಿಮಗೇ ತಿಳಿಯುತ್ತದೆ, ನಾನು ಹೆಚ್ಚು ಹೇಳುವುದಿಲ್ಲ.

ಬೀಗರು ರಾಮದುರ್ಗ ತಾಲೂಕಿನ ಕಟಕೋಳದವರು. ಇರುವುದು ಒಬ್ಬನೇ ಅಳಿಯ, ಆದರೂ ಗೌರವಕ್ಕೆ ಅಳಿಯಂದಿರು ಎನ್ನುತ್ತೇನೆ. ಹೆಣ್ಣು ಕೇಳಲು ಬಂದಾಗ ಹುಡುಗನ ಹತ್ತಿರ ಸ್ವಂತ ಟೆಂಪೋ ಇದೆ ಎಂದು ಹೇಳಿದ್ದರು. ಮದುವೆ ಹಂಗಾಮಿನಲ್ಲಿ ಆ ಟೆಂಪೋದ ಮೇಲೆ ಹನ್ನೆರಡು ಡಿಜೆ ಪೆಟ್ಟಿಗೆ ಏರುತ್ತವೆ ಎಂದು ಹೇಳಿರಲಿಲ್ಲ. ಮಗಳನ್ನು ಕೊಟ್ಟ ಮೇಲೆ ತಿಳಿಯಿತು. ಆಗ ತಿಳಿದರೆ ಏನು ಬಂತು?

ಕೂಸಿಗೆ ಎರಡು ತಿಂಗಳಾದಾಗ ತೊಟ್ಟಿಲು ಕಾರ್ಯ ಇಟ್ಟುಕೊಂಡೆವು. ಬೆಳಿಗ್ಗೆ ಹತ್ತಕ್ಕೆ ನನ್ನ ತಾಟುಗಳು ಹಲ್ಲು ಕಡಿಯತೊಡಗಿದವು. ಹೊರಗೆ ಬಂದು ನೋಡಿದರೆ ಬೀಗರ ಎರಡು ಗಾಡಿ, ಹಿಂದೆ ಆ ಟೆಂಪೋ. ಅಳಿಯಂದಿರು ಮೇಲೆ ನಿಂತು ಕೈ ಬೀಸುತ್ತಿದ್ದಾರೆ.

"ಅಳಿಯಂದ್ರ, ಇದು ತೊಟ್ಟಿಲ ಕಾರ್ಯ ಐತ್ರಿ, ಮೆರವಣಿಗಿ ಅಲ್ಲ" ಎಂದೆ.

"ಅತ್ತ್ಯಾರ, ಮಗಳು ಹುಟ್ಯಾಳ! ಸಂಪಗಾಂವಕ್ಕ ಗೊತ್ತಾಗಬ್ಯಾಡೇನ್ರಿ?"

"ಸಂಪಗಾಂವಕ್ಕ ಅಷ್ಟ ಯಾಕ, ಬೈಲಹೊಂಗಲಕ್ಕೂ ಗೊತ್ತಾತ್ರಿ. ಇಳೀರಿ ಕೆಳಗ."

ಬಾಯಿಗೆ ಬಂದ ಇನ್ನೂ ನಾಲ್ಕು ಮಾತನ್ನು ನುಂಗಿದೆ. ಹೆಣ್ಣು ಹುಟ್ಟಿದರೆ ಮುಖ ಸಣ್ಣದು ಮಾಡಿಕೊಂಡು ಬರುವ ಅಳಿಯಂದಿರನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಈ ಮನುಷ್ಯ ಹೆಣ್ಣು ಮಗುವಿಗೆಂದು ಹನ್ನೆರಡು ಪೆಟ್ಟಿಗೆ ಕಟ್ಟಿಕೊಂಡು ಬಂದಿದ್ದ. ಅದಕ್ಕೆ ಮಾಫಿ ಮಾಡಿದೆ. ಹಾಡಿಗೆ ಮಾಫಿ ಇಲ್ಲ.

ಬೀಗಿತ್ತಿ ಇಳಿದವರೇ ಕೂಸನ್ನು ಎತ್ತಿಕೊಂಡು ಒಳಕೋಣೆಗೆ ಹೋದರು. "ಮೊಮ್ಮಗಳ ಮಾರಿ ಸಮಾಧಾನದಿಂದ ನೋಡ್ತೇನ್ರಿ" ಎಂದು ಬಾಗಿಲು ಮುಂದೆ ಮಾಡಿಕೊಂಡರು. ಮೂಗನ್ನು ಅಳೆಯುತ್ತಿರಬೇಕು ಎಂದುಕೊಂಡೆ. ಅವರು ಹೊರಗೆ ಬಂದ ಮೇಲೆ ನಾನು ಒಳಗೆ ಹೋಗಿ, ಕೂಸು ಆ ಸದ್ದಿಗೆ ಹೆದರಬಾರದೆಂದು ಹರಳೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಎರಡೂ ಕಿವಿಗೆ ಇಟ್ಟು, ತಲೆಗೆ ಕುಂಚಿಗೆಯ ಟೊಪ್ಪಿಗೆ ಕಟ್ಟಿದೆ. ನಮ್ಮ ಕಡೆ ಬಾಣಂತಿಗೂ ಕೂಸಿಗೂ ಕಿವಿಗೆ ಹತ್ತಿ ಇಡುವುದು ಹಿಂದಿನಿಂದ ಬಂದ ಪದ್ಧತಿ. ಗಾಳಿ ಹೋಗಬಾರದಂತೆ. ನಾನು ಇಟ್ಟದ್ದು ಗಾಳಿಗಲ್ಲ, ಅಳಿಯಂದಿರಿಗೆ.

ಹೆಸರು ಇಡುವುದು ಸೋದರತ್ತೆಯ ಕೆಲಸ. ಅವಳು ಬಾಗಿ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಉಸುರಬೇಕು. ಆಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದಬೇಕು ಎಂದು ಯಾರಿಗೂ ಗೊತ್ತಿಲ್ಲ, ಆದರೆ ಗುದ್ದಲು ಎಲ್ಲರಿಗೂ ಬರುತ್ತದೆ. ನನ್ನ ಅಳಿಯಂದಿರ ಅಕ್ಕನ ಬೆನ್ನು ಅಗಲವಾಗಿದೆ, ಹೀಗಾಗಿ ಯಾರಿಗೂ ಜಾಗದ ಕೊರತೆಯಾಗಲಿಲ್ಲ. ಹೊರಗೆ ಟ್ರ್ಯಾಕ್ಟರಿನ ಹುಡುಗ ಅಳುತ್ತಿದ್ದ. ನಾನು ಜೋಗುಳ ಎತ್ತಿದೆ. ನನ್ನ ಬಾಯಿ ಆಡಿದ್ದು ಕಂಡಿತಂತೆ, ಹಾಡು ಯಾರಿಗೂ ಕೇಳಲಿಲ್ಲ. ನನಗೇ ಕೇಳಲಿಲ್ಲ. ಇಷ್ಟೆಲ್ಲದರ ನಡುವೆ ಬೀಗಿತ್ತಿ ಒಬ್ಬರೇ ಶಾಂತವಾಗಿ, ಗುಡಿಯಲ್ಲಿ ಕುಳಿತವರಂತೆ ನಗುತ್ತಾ ಕುಳಿತಿದ್ದರು. ಮಗನ ಹಾಡು ತಾಯಿಗೆ ಅಷ್ಟು ಹಿಡಿಸುತ್ತದೆಯೇ ಎಂದು ಒಳಗೊಳಗೇ ಉರಿದುಕೊಂಡೆ.

ಆಗ ಆ ಹೊಡೆತಕ್ಕೆ ತೊಟ್ಟಿಲ ಹತ್ತಿರದ ಮಾಡದಿಂದ ಹಿತ್ತಾಳೆಯ ತಂಬಿಗೆ ಧಡಾರನೆ ಬಿತ್ತು. ಹೆಂಗಸರೆಲ್ಲ ಬೆಚ್ಚಿ ಎದ್ದರು. ಕೂಸು ಕಣ್ಣು ಕೂಡ ಮಿಟುಕಿಸಲಿಲ್ಲ. ಮೇಲೆ ಕಟ್ಟಿದ ಬಣ್ಣದ ಗುಬ್ಬಿಗಳನ್ನು ನೋಡುತ್ತಾ ಮಲಗಿತ್ತು.

"ನೋಡ್ರಿ ನನ್ನ ಮಗಳನ್ನ!" ಎಂದು ಅಳಿಯಂದಿರು ಎದೆ ಉಬ್ಬಿಸಿದರು. "ಡಿಜೆದಾಗ ಹುಟ್ಟಿದ ಹುಲಿ ಐತಿ. ಅಂಜಿಕಿನ ಇಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಿವಿಯಲ್ಲಿ ಹತ್ತಿ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಸಂಜೆ ಬೀಗರು ಹೋದ ಮೇಲೆ ಹತ್ತಿ ತೆಗೆದೆ. ಮರುದಿನ ಎಣ್ಣೆ ಸ್ನಾನ ಮಾಡಿಸಿ ಮಲಗಿಸುವಾಗ ಯಾಕೋ ಮನಸ್ಸು ತಡೆಯಲಿಲ್ಲ. ಕೂಸು ಎಚ್ಚರವಿತ್ತು. ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ಏನೂ ಇಲ್ಲ. ತಾಟು ತಂದು ಲಟ್ಟಣಿಗೆಯಿಂದ ಬಾರಿಸಿದೆ. ಏನೂ ಇಲ್ಲ. ಗುಬ್ಬಿಯನ್ನು ನೋಡಿ ನಕ್ಕಿತು. ನನ್ನ ಕೈಯಿಂದ ಲಟ್ಟಣಿಗೆ ಜಾರಿ ಬಿತ್ತು, ಅದಕ್ಕೂ ತಿರುಗಲಿಲ್ಲ.

ಮೊದಲು ಬೆಚ್ಚುತ್ತಿತ್ತೇ? ನೆನಪು ಮಾಡಿಕೊಂಡೆ. ನೆನಪಾಗಲಿಲ್ಲ. ಎರಡು ತಿಂಗಳು ನಾನು ನೋಡಿದ್ದು ಹಾಲು ಕುಡಿಯಿತೇ, ಹೊಟ್ಟೆ ಮೆತ್ತಗಿದೆಯೇ, ಬಟ್ಟೆ ಒದ್ದೆಯಾಯಿತೇ ಎಂದು ಮಾತ್ರ. ಹೆರಿಗೆಯಾದಾಗ ಆಸ್ಪತ್ರೆಯವರು ತಿಂಗಳೊಳಗೆ ಕೂಸಿನ ಕಿವಿ ತೋರಿಸಿರಿ ಎಂದು ಚೀಟಿ ಬರೆದು ಕೊಟ್ಟಿದ್ದರು. ಎಳೆ ಕೂಸನ್ನು ಗಾಳಿಗೆ ಯಾರು ಒಯ್ಯುತ್ತಾರೆ ಎಂದು ಆ ಚೀಟಿಯನ್ನು ಕಾಡಿಗೆ ಡಬ್ಬಿಯ ಕೆಳಗೆ ಇಟ್ಟವಳು ನಾನೇ.

ಮಗಳಿಗೆ ಹೇಳಲಿಲ್ಲ. ಬಾಣಂತಿಯ ಹಾಲು ಬತ್ತುತ್ತದೆ. ಹಿತ್ತಲಿಗೆ ಹೋಗಿ ಯಜಮಾನರಿಗೆ ಹೇಳಿದೆ.

"ಏನ್ರಿ, ಕೂಸಿಗೆ ಕಿವಿ ಕೇಳಂಗಿಲ್ಲ ಅನಸ್ತೈತಿ."

"ಏನರ ಹೇಳಬ್ಯಾಡ. ಎರಡ ತಿಂಗಳ ಕೂಸು, ನಿನ್ನ ತಾಟಿಗೆ ಯಾಕ ತಿರಗಿ ನೋಡತೈತಿ?"

"ತಂಬಿಗಿ ಬಿದ್ದಾಗ ಎಮ್ಮಿ ಸೈತ ಬೆಚ್ಚಿ ಹಗ್ಗಾ ಹರಕೊಂತ್ರಿ. ಇದು ಕಣ್ಣ ಮಿಟಕಸಲಿಲ್ಲ."

ಅವರು ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟರು. ಆಮೇಲೆ ತಾವೇ ಬಂದು ತೊಟ್ಟಿಲ ಹಿಂದೆ ನಿಂತು ಕೆಮ್ಮಿದರು. ನಮ್ಮ ಯಜಮಾನರು ಕೆಮ್ಮಿದರೆ ಪಕ್ಕದ ಮನೆಯವರು ಬಾಗಿಲು ತೆರೆದು ಯಾರು ಬಂದರೆಂದು ನೋಡುತ್ತಾರೆ. ಕೂಸು ನೋಡಲಿಲ್ಲ. ಆ ದಿನ ಅವರು ಊಟಕ್ಕೆ ಕುಳಿತು ಒಂದೇ ರೊಟ್ಟಿಗೆ ಎದ್ದರು.

ನಾನು ಎರಡು ತಿಂಗಳು ಹಾಡಿದ ಜೋಗುಳ ಒಂದಾದರೂ ಆ ಜೀವಕ್ಕೆ ಮುಟ್ಟಿದೆಯೇ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ಮಗಳು ಮಲಗಿದ ಮಧ್ಯಾಹ್ನ ಮೂಡಲಕ್ಕೆ ಮುಖ ಮಾಡಿ ಸವದತ್ತಿ ಗುಡ್ಡದ ತಾಯಿಗೆ ಕೈ ಮುಗಿದೆ. ಸೀರೆ ಉಡಿಸುತ್ತೇನೆ, ಉಡಿ ತುಂಬುತ್ತೇನೆ ಎಂದೆ. ಅದು ಎಲ್ಲರೂ ಹೇಳುವುದೇ, ತಾಯಿಗೆ ಸೀರೆಗೇನು ಬರವೇ? ನನಗೆ ಕಷ್ಟವಾಗುವಂಥದ್ದು ಏನಾದರೂ ಕೊಡಬೇಕು ಎನ್ನಿಸಿತು. "ತಾಯಿ, ಕೂಸಿಗೆ ಕಿವಿ ಕೇಳಿದರೆ ಅಳಿಯಂದಿರ ಡಿಜೆ ಮುಂದೆ ಓಣಿಯಲ್ಲಿ ನಿಂತು ಕುಣಿಯುತ್ತೇನೆ" ಎಂದುಬಿಟ್ಟೆ. ಬಾಯಿಂದ ಬಂದ ಮೇಲೆ ನನಗೇ ಮೈ ಜುಮ್ಮೆಂದಿತು.

ಎರಡು ದಿನ ಬಿಟ್ಟು ಅಳಿಯಂದಿರು ಕಿತ್ತೂರಿನ ಮದುವೆ ಮುಗಿಸಿ ನಮ್ಮ ಊರಿನ ಮೇಲೆಯೇ ಕಟಕೋಳಕ್ಕೆ ಹೋಗುವವರಿದ್ದರು. ನಾನೇ ಫೋನು ಮಾಡಿದೆ.

"ಅಳಿಯಂದ್ರ, ಹೋಗೂ ಮುಂದ ಮನಿ ಮುಂದ ಗಾಡಿ ನಿಂದರಸ್ರಿ. ಒಂದೆರಡ ಹಾಡ ಹಚ್ಚ್ರಿ."

"ಅತ್ತ್ಯಾರ… ಆರಾಮ ಅದೀರಿಲ್ರಿ?"

"ಆರಾಮ ಅದೇನ್ರಿ."

"ಮಾವಾರು ಅದಾರೇನ್ರಿ ಬಾಜೂಕ? ಅವರ ಕಡೆ ಕೊಡ್ರಿ ಫೋನ."

"ಹಚ್ಚ್ರಿ ಅಂದೆ. ದೊಡ್ಡದ ಹಚ್ಚ್ರಿ."

ಮಧ್ಯಾಹ್ನ ಮೂರಕ್ಕೆ ಟೆಂಪೋ ಬಂತು. ತಾಟುಗಳು ಕುಣಿದವು, ಗಾಜು ಅದುರಿತು, ಟ್ರ್ಯಾಕ್ಟರಿನ ಹುಡುಗ ಮತ್ತೆ ಬಾಯಿ ತೆರೆದ. ಓಣಿಯ ಹೆಂಗಸರು ಬಾಗಿಲಿಗೆ ಬಂದು, ಭಜನೆಯ ಹಿರಿಯಳಿಗೆ ತಲೆ ಕೆಟ್ಟಿತು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ನಾನು ತೊಟ್ಟಿಲ ಪಕ್ಕ ನಿಂತು ಕೂಸಿನ ಮುಖವನ್ನೇ ನೋಡುತ್ತಿದ್ದೆ. ಬೆಚ್ಚು ಕೂಸೇ, ಅಳು, ಕಿರುಚು, ಈ ಹಾಡು ನನಗೆ ಬೇಡ ಎಂದು ಕಾಲು ಝಾಡಿಸು. ಜೀವಮಾನದಲ್ಲಿ ಮೊದಲ ಸಲ ಆ ಹಾಡು ಇನ್ನಷ್ಟು ಜೋರಾಗಲಿ ಎಂದು ಬೇಡಿಕೊಂಡೆ. ಆ ಹುಡುಗ ಕೂಡ ಅವತ್ತು ಕೈಲಾದಷ್ಟು ಅತ್ತ, ಸುಳ್ಳು ಹೇಳಬಾರದು.

ಕೂಸು ಆಕಳಿಸಿ ನಿದ್ದೆ ಹೋಯಿತು.

ಹಾಡು ನಿಂತ ಮೇಲೆ ಒಳಗೆ ಬಂದ ಅಳಿಯಂದಿರು ನಾನು ಸೆರಗಿನಿಂದ ಕಣ್ಣು ಒರೆಸುವುದನ್ನು ಕಂಡರು. ಹಿಂದೆ ಮಗಳೂ ಬಂದಳು.

"ಯವ್ವಾ, ಏನಾತ? ಯಾಕ ಅಳಾಕ ಹತ್ತೀದಿ?"

ಇನ್ನು ಮುಚ್ಚಿಡಲು ಆಗಲಿಲ್ಲ, ಹೇಳಿದೆ. ಮಗಳು ಕೂಸನ್ನು ತೊಟ್ಟಿಲಿಂದ ಎತ್ತಿ ಎದೆಗೆ ಅವಚಿಕೊಂಡಳು. ಅಳಿಯಂದಿರು ಹೊರಗೆ ಹೋಗಿ ಟೆಂಪೋದ ಮೇಲಿನ ಪೆಟ್ಟಿಗೆಗಳ ಮೇಲೆ ತಾಡಪತ್ರಿ ಹೊದೆಸಿದರು. ಹನ್ನೆರಡು ಪೆಟ್ಟಿಗೆಯನ್ನೂ ಮುಚ್ಚಿ, ಹಗ್ಗ ಬಿಗಿದು, ಗಂಟು ಹಾಕಿ, ಆ ಗಂಟನ್ನೇ ಹಿಡಿದು ನಿಂತರು. ಹುಲಿಯ ಅಪ್ಪ ಕೂಸಿನ ಹಾಗೆ ನಿಂತದ್ದನ್ನು ನೋಡಿ ನನಗೆ ಅವರ ಹಾಡಿನ ಮೇಲಿದ್ದ ಸಿಟ್ಟೂ ಅರ್ಧ ಇಳಿಯಿತು. ಅರ್ಧವೇ.

ಮರುದಿನ ಬೈಲಹೊಂಗಲಕ್ಕೆ ಹೊರಟೆವು. ಕಟಕೋಳದಿಂದ ಬೀಗಿತ್ತಿಯೂ ಬೆಳಗಿನ ಬಸ್ಸಿಗೆ ಬಂದರು. ಕಿವಿ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣು ಮಗಳು, ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವಳಿರಬೇಕು. ಹೊರಗೆ ಕಾಯುತ್ತಾ ಕುಳಿತವರ ಫೋನುಗಳಲ್ಲಿ ತರತರದ ಹಾಡು ಬಡಿಯುತ್ತಿದ್ದವು. ಒಬ್ಬ ಮುದುಕ ಕಿವಿ ಕೇಳುವುದಿಲ್ಲ ಎಂದು ತೋರಿಸಲು ಬಂದಿದ್ದ. ಅವನ ಫೋನಿನ ಸದ್ದೇ ಎಲ್ಲಕ್ಕಿಂತ ಜೋರು. ಬೇರೆ ದಿನವಾಗಿದ್ದರೆ ನಾಲ್ಕು ಮಾತು ಆಡುತ್ತಿದ್ದೆ. ಅವತ್ತು ಅವನನ್ನೇ ನೋಡುತ್ತಾ ಕುಳಿತೆ. ಕೇಳದಿದ್ದರೂ ಅವನು ಹಾಡನ್ನು ಬಿಟ್ಟಿರಲಿಲ್ಲ.

ಒಳಗೆ ಡಾಕ್ಟರು ಕೂಸನ್ನು ಮಗಳ ತೊಡೆಯ ಮೇಲೆ ಮಲಗಿಸಿ, ಸಣ್ಣ ಬೆಳಕಿನ ಕೊಳವೆಯನ್ನು ಎಡಗಿವಿಗೆ ಹಿಡಿದು ನೋಡಿದರು. ಮತ್ತೆ ನೋಡಿದರು. ಬಲಗಿವಿಯನ್ನೂ ನೋಡಿದರು.

"ಕಿವ್ಯಾಗ ಏನ ಹಾಕೀರಿ ಅಜ್ಜಿ?"

"ಏನಿಲ್ರಿ. ಹತ್ತಿ ಇಟ್ಟಿದ್ದೆ, ತೊಟ್ಟಿಲ ಕಾರ್ಯದ ದಿನಾ ಸಂಜೀಕ ತಗದೇನ್ರಿ."

ಡಾಕ್ಟರು ಬಾಗಿದ ಸಣ್ಣ ಚಿಮಟಿಗೆಯನ್ನು ಮೆಲ್ಲಗೆ ಒಳಗೆ ಬಿಟ್ಟು ಎಳೆದರು. ಬಂತು ನೋಡಿ. ತೊಗರಿ ಕಾಳಿನಷ್ಟು ಕಪ್ಪು ಉಂಡೆ, ಎಣ್ಣೆ ಕುಡಿದು ಉಬ್ಬಿದ ಹತ್ತಿ. ಕೋಣೆಯ ತುಂಬ ಬೆಳ್ಳುಳ್ಳಿ, ಅಜವಾನದ ವಾಸನೆ. ಇನ್ನೊಂದು ಕಿವಿಯಿಂದಲೂ ಅಂಥದ್ದೇ ಇನ್ನೊಂದು.

"ಇದು ಯಾರದ್ರಿ ಮತ್ತ?"

"ನಂದಲ್ರಿ!" ಎಂದೆ. "ನಂದು ಬರೇ ಹರಳೆಣ್ಣಿ. ನಾ ಬಳ್ಳೊಳ್ಳಿ ಹಾಕಂಗಿಲ್ಲ."

ಬೀಗಿತ್ತಿ ಗೋಡೆಯ ಮೇಲಿನ ಕಿವಿಯ ಚಿತ್ರವನ್ನು ಬಹಳ ಲಕ್ಷ್ಯ ಕೊಟ್ಟು ನೋಡುತ್ತಿದ್ದರು.

"ಬೀಗ್ತ್ಯಾರ?" ಎಂದೆ.

ಅವರು ನೋಡಲಿಲ್ಲ.

"ಬೀಗ್ತ್ಯಾರ!"

ಅಳಿಯಂದಿರು ತಾಯಿಯ ಭುಜ ಮುಟ್ಟಿದರು. "ಯವ್ವಾ, ಅತ್ತ್ಯಾರು ಕರ್ಯಾಕ ಹತ್ಯಾರ."

ಬೀಗಿತ್ತಿ ನಿಧಾನವಾಗಿ ತಮ್ಮ ಸೆರಗು ಸರಿಸಿ, ಬಲಗಿವಿಯಿಂದ ಒಂದು, ಎಡಗಿವಿಯಿಂದ ಒಂದು ಹತ್ತಿಯ ಉಂಡೆ ತೆಗೆದು ಅಂಗೈಯಲ್ಲಿ ಹಿಡಿದರು. ಅದೇ ಬೆಳ್ಳುಳ್ಳಿ, ಅದೇ ಅಜವಾನ.

"ಹತ್ತಿ ನಂದ್ರಿ" ಎಂದರು. "ತೊಟ್ಟಿಲ ದಿನಾ ಕ್ವಾಣ್ಯಾಗ ಇಟ್ಟಿದ್ದೆ. ಈ ನನ್ನ ಮಗಾ ಆ ಪೆಟಗಿ ತಂದಾಗಿಂದ ನಾ ದಿನಾ ಹಿಂಗ ಇರೋದ್ರಿ. ನನಗ ತಡ್ಯಾಕ ಆಗಲಾರದ್ದು ಎಳಿ ಕೂಸಿಗೆ ಹೆಂಗ ತಡೀತೈತಿ ಅಂತ ಇಟ್ಟೆ. ತಗ್ಯಾದು ಮರತೆ."

"ಯವ್ವಾ!" ಎಂದರು ಅಳಿಯಂದಿರು. "ನನ್ನ ಹಾಡು ಛಲೋ ಅದಾವು ಅಂತಿದ್ದೆಲ್ಲ?"

"ಛಲೋನ ಅದಾವೋ ಯಪ್ಪಾ. ಹತ್ತಿ ಇಟಗೊಂಡ್ರ ಭಾಳ ಛಲೋ ಅದಾವು."

ಅವತ್ತು ತೊಟ್ಟಿಲ ಕಾರ್ಯದಲ್ಲಿ ಅವರು ಗುಡಿಯಲ್ಲಿ ಕುಳಿತಂತೆ ನಗುತ್ತಿದ್ದುದರ ಗುಟ್ಟು ಈಗ ತಿಳಿಯಿತು. ಅವರು ಒಳಗೆ ಇಟ್ಟ ಹತ್ತಿಯ ಮೇಲೆ ನಾನು ನನ್ನ ಹತ್ತಿ ಇಟ್ಟಿದ್ದೆ. ನಾನು ತೆಗೆದದ್ದು ನನ್ನದು ಮಾತ್ರ. ಬಾಣಂತಿಯ ಕೋಣೆಯಲ್ಲಿ ಬೆಳ್ಳುಳ್ಳಿಯ ವಾಸನೆ ಇದ್ದೇ ಇರುತ್ತದೆ, ಹೀಗಾಗಿ ಮೂಗಿಗೂ ತಿಳಿದಿರಲಿಲ್ಲ. ಸಾಲದ್ದಕ್ಕೆ ದಿನಾ ಎಣ್ಣೆ ಸ್ನಾನ ಮಾಡಿಸಿ ಕಿವಿಗೆ ಎರಡು ಹನಿ ಬಿಟ್ಟು ಆ ಹತ್ತಿಯನ್ನು ಇನ್ನೂ ಒಳಗೆ ಕಳಿಸಿದವಳೂ ನಾನೇ. ಡಾಕ್ಟರು ಇಬ್ಬರನ್ನೂ ಸಾಲಾಗಿ ನಿಲ್ಲಿಸಿದಂತೆ ಬೈದರು.

"ಕೂಸಿನ ಕಿವಿ ಅಂದ್ರ ಏನ ತಿಳದೀರಿ? ಎಣ್ಣಿ, ಹತ್ತಿ, ಬಳ್ಳೊಳ್ಳಿ… ಉಪ್ಪಿನಕಾಯಿ ಹಾಕಾಕ ಹತ್ತೀರೇನು? ಇನ್ನ ಮ್ಯಾಲೆ ಕಿವ್ಯಾಗ ಏನೂ ಹಾಕಬಾರದು. ಡಿಜೆ ಹಂತ್ಯಾಕ ಅಂತೂ ಕೂಸಿನ್ನ ತರಬಾರದು."

ಬೈಗುಳ ಎಂದರೆ ಇಷ್ಟು ಇಂಪಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆದರೆ ಪರೀಕ್ಷೆ ಇನ್ನೂ ಬಾಕಿ ಇತ್ತು. ಕಿವಿಗಳನ್ನು ಸ್ವಚ್ಛ ಮಾಡಿ, ಮಿಷನ್ನಿನ ಸಣ್ಣ ತುದಿಯನ್ನು ಒಂದೊಂದೇ ಕಿವಿಗೆ ಇಟ್ಟರು. ನಾನು, ಬೀಗಿತ್ತಿ ಒಬ್ಬರ ಕೈ ಒಬ್ಬರು ಹಿಡಿದಿದ್ದೆವು. ಯಾವಾಗ ಹಿಡಿದೆವೋ ನೆನಪಿಲ್ಲ. ಮಿಷನ್ನಿನ ಮೇಲೆ ಅಕ್ಷರ ಮೂಡಿತು. ಡಾಕ್ಟರು, "ಎರಡೂ ಕಿವಿ ಪಾಸ್ ಅದಾವು ನೋಡ್ರಿ" ಎಂದರು.

ನಮ್ಮ ಮನೆತನದಲ್ಲಿ ನಾನು ಮೂರನೆಯ ಇಯತ್ತೆ ಫೇಲು, ಯಜಮಾನರು ಆರನೆಯದು. ಎರಡು ತಿಂಗಳಿಗೆ ಪಾಸಾದವಳು ಇವಳೇ ಮೊದಲು. ನನಗೆ ಎದೆ ಒಡೆಯುವಷ್ಟು ಖುಷಿಯಾಗಿ, ಎಲ್ಲಿದ್ದೇನೆ ಎಂಬುದನ್ನೇ ಮರೆತು, ಕೂಸನ್ನು ಎತ್ತಿಕೊಂಡು ಅಲ್ಲೇ ಜೋಗುಳ ತೆಗೆದೆ. ಹತ್ತಿಯಿಲ್ಲದ ಕಿವಿ, ಎದುರಿಗೆ ನಾನು. ಪೂರ್ತಿ ಕಂಠ ಬಿಟ್ಟೆ.

ಕೂಸು ಒಂದು ಕ್ಷಣ ನನ್ನನ್ನು ಕಣ್ಣರಳಿಸಿ ನೋಡಿತು. ತುಟಿ ಕೆಳಗೆ ಇಳಿಯಿತು. ಗದ್ದ ನಡುಗಿತು. ಆಮೇಲೆ ಅತ್ತಿತು ನೋಡಿ, ಮುಖ ಕೆಂಪಾಗಿ, ಮುಷ್ಟಿ ಬಿಗಿದು, ಹೊರಗೆ ಕುಳಿತ ಕಿವುಡ ಮುದುಕನೂ ಬಾಗಿಲಲ್ಲಿ ಇಣುಕುವಷ್ಟು. ನಾನು ಹಾಡು ನಿಲ್ಲಿಸಿದೆ, ಅಳು ನಿಂತಿತು. ಮತ್ತೆ ಒಂದು ಸೊಲ್ಲು ಎತ್ತಿದೆ, ಮತ್ತೆ ಅಳು. ಮೊದಲೆಲ್ಲ ಜೋಗುಳದ ಹೊತ್ತಿಗೆ ಹೀಗೆ ಅತ್ತಾಗ ಹೊಟ್ಟೆ ನೋವೆಂದು ಬಜೆ ತೇಯ್ದು ನೆಕ್ಕಿಸಿದ್ದೆ.

"ಛಲೋ ಕೇಳತೈತ್ರಿ ಅಜ್ಜಿ" ಎಂದರು ಡಾಕ್ಟರು, ನಗು ತಡೆಯುತ್ತಾ. "ಸಾಕ ಮಾಡ್ರಿ ಈಗ."

ಬಾಗಿಲ ಹತ್ತಿರ ನಿಂತಿದ್ದ ಯಜಮಾನರು ಕಣ್ಣೊರೆಸಿಕೊಳ್ಳುತ್ತಿದ್ದ ಟವೆಲನ್ನು ತೆಗೆದು, "ಶಾಬಾಶ್ ನನ್ನ ಮಗಳ! ನಲವತ್ತ ವರ್ಷ ನಾ ಬಾಯಿ ಬಿಡಲಾರದ ಎಮ್ಮಿಗೆ ನೀರ ಕುಡಿಸೇನಿ. ನೀ ಎರಡ ತಿಂಗಳಿಗೆ ಹೇಳಿಬಿಟ್ಟಿ" ಎಂದರು.

ಎಲ್ಲರೂ ನಕ್ಕರು, ಡಾಕ್ಟರೂ ಸಿಸ್ಟರೂ ಕೂಡಿ. ನಾನು ಸಿಟ್ಟಾಗಬೇಕಿತ್ತು. ನಲವತ್ತು ವರ್ಷದ ಎಮ್ಮೆಯ ಲೆಕ್ಕ ಒಂದೇ ಕ್ಷಣದಲ್ಲಿ ತಿಳಿದವಳಿಗೆ ಸಿಟ್ಟು ಬರಬೇಕು. ಬರಲಿಲ್ಲ. ಅಳುವ ಕೂಸಿನ ಹಣೆಗೆ ಮುದ್ದು ಕೊಟ್ಟೆ. ನನ್ನ ಹಾಡು ಅವಳಿಗೆ ಮುಟ್ಟಿತ್ತು. ಹಿಡಿಸಲಿಲ್ಲ, ಅಷ್ಟೇ.

ಹರಕೆ ಬಿಡುವ ಹಾಗಿರಲಿಲ್ಲ. ಮುಂದಿನ ವಾರ ಅಳಿಯಂದಿರು ಟೆಂಪೋ ತಂದು ತಾಡಪತ್ರಿ ಬಿಚ್ಚಿದರು. ಡಾಕ್ಟರ ಮಾತಿಗೆ ಅಂಜಿ ಗಾಡಿಯನ್ನು ಓಣಿಯ ಆಚೆ ತುದಿಯಲ್ಲಿ ನಿಲ್ಲಿಸಿ, ಹನ್ನೆರಡರಲ್ಲಿ ಎರಡೇ ಪೆಟ್ಟಿಗೆ ಹಚ್ಚಿದರು. ಮಗಳು ಕೂಸನ್ನು ಎತ್ತಿಕೊಂಡು ನಮ್ಮ ಬಾಗಿಲಲ್ಲೇ ದೂರ ನಿಂತಳು. ಭಜನಾ ಮಂಡಳಿಯ ಎಂಟೂ ಜನ ನೋಡಲು ಬಂದಿದ್ದರು. ನಾನು ಸೆರಗು ಸಿಕ್ಕಿಸಿ ಓಣಿಯ ನಡುವೆ ನಿಂತೆ. ಬೀಗಿತ್ತಿ ಪಕ್ಕಕ್ಕೆ ಬಂದು ಗುಟ್ಟಾಗಿ ಮುಷ್ಟಿ ತೆರೆದರು.

"ತಗೋರಿ. ನಿಮಗಂತ ಬಳ್ಳೊಳ್ಳಿ ಹಾಕಿಲ್ಲ."

ಹರಕೆ ಹೊತ್ತಾಗ ಕುಣಿಯುತ್ತೇನೆ ಎಂದಿದ್ದೆ, ಕೇಳುತ್ತೇನೆ ಎಂದಿರಲಿಲ್ಲ. ತಾಯಿ ತಿಳಿದುಕೊಳ್ಳುತ್ತಾಳೆ. ಹತ್ತಿ ಇಟ್ಟುಕೊಂಡು ಇಬ್ಬರೂ ಕೈ ಎತ್ತಿ, ಟ್ರ್ಯಾಕ್ಟರಿನ ಹುಡುಗನ ದುಃಖಕ್ಕೆ ಮೊಣಕಾಲು ನೋಯುವ ತನಕ ಕುಣಿದೆವು. ಬೀಗಿತ್ತಿಯ ಮಾತು ಸುಳ್ಳಲ್ಲ, ಹತ್ತಿ ಇಟ್ಟುಕೊಂಡರೆ ಆ ಹಾಡು ನಿಜಕ್ಕೂ ಅಷ್ಟು ಕೆಟ್ಟದ್ದಲ್ಲ. ನಡುವೆ ತಿರುಗಿ ನೋಡಿದರೆ ಕೂಸು ಮಗಳ ತೋಳಿನಲ್ಲಿ ಕಾಲು ಝಾಡಿಸುತ್ತಿತ್ತು. ಅಳುವಿನಿಂದಲ್ಲ, ಖುಷಿಯಿಂದ. ಕಿವಿ ಕೊಡು ಎಂದು ಗುಡ್ಡದ ತಾಯಿಯನ್ನು ಬೇಡಿದ್ದೆ. ಒಳ್ಳೆಯದು ಕೆಟ್ಟದ್ದು ತಿಳಿಯುವ ಕಿವಿ ಕೊಡು ಎಂದು ಬಿಡಿಸಿ ಹೇಳಬೇಕಿತ್ತು.

ಈಗ ಅವಳಿಗೆ ಹನ್ನೊಂದು ತಿಂಗಳು, ಅಂಬೆಗಾಲಿಡುತ್ತಾಳೆ. ಅಪ್ಪನ ಫೋನಿನಲ್ಲಿ ಆ ಟ್ರ್ಯಾಕ್ಟರಿನ ಹಾಡು ಬಂದರೆ ಕುಂಡಿ ಕುಣಿಸುತ್ತಾಳೆ. ನಾನು ಜೋಗುಳ ಎತ್ತಿದರೆ ಎಲ್ಲಿದ್ದರೂ ದಡದಡ ಬಂದು, ತೊಡೆ ಹತ್ತಿ, ಪುಟ್ಟ ಅಂಗೈಯನ್ನು ನನ್ನ ಬಾಯಿಗೆ ಗಟ್ಟಿಯಾಗಿ ಒತ್ತುತ್ತಾಳೆ. ಆ ಅಂಗೈಗೆ ಹಾಲಿನ ವಾಸನೆ ಇರುತ್ತದೆ. ಅದಕ್ಕೇ ನಾನು ದಿನಕ್ಕೆ ನಾಲ್ಕು ಸಲ ಹಾಡುತ್ತೇನೆ.